ಶ್ವಾಸಕೋಶ ಕಿರಿದಾದರೆ ಉಸಿರು ಹಿರಿದಾದೀತೆ?

ಏದುಸಿರು ಬಿಡುತ್ತಿರುವ ರೋಗಿಯ ಶ್ವಾಸಕೋಶದಲ್ಲಿ ಸುಮಾರು ಕಾಲುಭಾಗವನ್ನು ಕತ್ತರಿಸಿ ತೆಗೆದರೆ ಆತ ಮೊದಲಿಗಿಂತ ಸರಾಗವಾಗಿ ಉಸಿರಾಡುತ್ತಾನೆ ಎಂದರೆ ನಂಬುವುದು ಕಷ್ಟ. ಆದರೆ ಎಂಫಿಸೀಮಾ ಕಾಯಿಲೆಯಲ್ಲಿ ಇದು ನಿಜವಾಗಬಲ್ಲದು. ಹೆಚ್ಚಾಗಿ ಧೂಮಪಾನದಿಂದ, ಕೆಲವರಲ್ಲಿ ಸೌದೆ ಒಲೆಯ ಹೊಗೆಯಿಂದ, ಗಾಳಿಗೂಡುಗಳ ತೆಳುಗೋಡೆಗಳು ನಾಶವಾಗುವ ಕಾಯಿಲೆ ಇದು. ಇಲ್ಲಿ ತೊಡಕಿರುವುದು ಉಸಿರು ಎಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಹೊರಬಿಡುವುದರಲ್ಲಿ. ಉಸಿರು ಅಳೆಯುವ ಸ್ಪೈರೋಮೀಟರಿನ ಕೊಳವೆಗೆ ಬಾಯಿಟ್ಟು ಜೋರಾಗಿ ಊದಿದರೆ ಆರೋಗ್ಯವಂತರು ಮೊದಲ ಸೆಕೆಂಡಿನಲ್ಲೇ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ಹೊರಹಾಕುತ್ತಾರೆ. ಎಂಫಿಸೀಮಾ ರೋಗಿ ಹತ್ತು ಸೆಕೆಂಡು ಊದಿದರೂ ಗಾಳಿ ಇನ್ನೂ ಸಣ್ಣಗೆ ಬರುತ್ತಲೇ ಇರುತ್ತದೆ. ಹಿಗ್ಗಿದ ಶ್ವಾಸಕೋಶಕ್ಕೆ ಕುಗ್ಗುವ ಶಕ್ತಿ ಉಳಿದಿರುವುದಿಲ್ಲ. ಸಣ್ಣ ಶ್ವಾಸನಾಳಗಳು ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಕಮಾನಿನಂತಿರಬೇಕಾದ ವಪೆ (ಎದೆಗೂಡಿನ ತಳದ ಉಸಿರಾಟದ ಸ್ನಾಯು) ಕೆಳಕ್ಕೆ ತಳ್ಳಲ್ಪಟ್ಟು ಚಪ್ಪಟೆಯಾಗುತ್ತದೆ. ಸಡಿಲಾದ ಅಂಗಿಗೆ ಮಡಿಕೆ ಹಿಡಿದು ಹೊಲಿದಂತೆ, ಕೆಲಸಕ್ಕೆ ಬಾರದ ಭಾಗವನ್ನು ತೆಗೆದರೆ ಉಳಿದ ಭಾಗ ಮತ್ತೆ ಬಿಗಿಯಾಗುತ್ತದೆ, ಶ್ವಾಸನಾಳಗಳು ತೆರೆದುಕೊಳ್ಳುತ್ತವೆ, ವಪೆ ಮೇಲೇರುತ್ತದೆ.

ತರ್ಕ ಸೊಗಸಾಗಿದೆ, ಆದರೆ ತರ್ಕವೇ ಪುರಾವೆಯಲ್ಲ. 1950ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಆಟೊ ಬ್ರಾಂಟಿಗನ್ ಈ ಆಪರೇಷನ್ ಮಾಡಿದಾಗ ಸಾವುಗಳು ಹೆಚ್ಚಾಗಿ ವಿಧಾನ ಮೂಲೆಗೆ ಸರಿಯಿತು. 1990ರ ದಶಕದಲ್ಲಿ ಶಸ್ತ್ರವೈದ್ಯ ಜೋಯೆಲ್ ಕೂಪರ್ ಅದಕ್ಕೆ ಮರುಜೀವ ಕೊಟ್ಟರು. ಉತ್ಸಾಹ ಹಬ್ಬಿದಾಗ ಅಮೆರಿಕ ಸರ್ಕಾರದ ನೆರವಿನಿಂದ 1,218 ರೋಗಿಗಳ ದೊಡ್ಡ ಪರೀಕ್ಷೆ ನಡೆದು, 2003ರಲ್ಲಿ ಅದರ ಫಲಿತಾಂಶ ಹೊರಬಂತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಆಪರೇಷನ್ ಆಯುಸ್ಸನ್ನು ಹೆಚ್ಚಿಸಿರಲಿಲ್ಲ. ಮೊದಲ 90 ದಿನಗಳಲ್ಲಿ ಆಪರೇಷನ್ ಗುಂಪಿನ 7.9% ಮಂದಿ ಸತ್ತಿದ್ದರೆ, ಆಪರೇಷನ್ ಇಲ್ಲದೆ ಔಷಧ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ 1.3%.

ಹಾಗಾದರೆ ಇದನ್ನು ಕೈಬಿಡುವುದೇ ಲೇಸಲ್ಲವೇ? ಅಲ್ಲ, ಏಕೆಂದರೆ ಆ ಸರಾಸರಿ ಎರಡು ವಿರುದ್ಧ ಕಥೆಗಳನ್ನು ಒಂದಾಗಿ ಕಲಸಿತ್ತು. ರೋಗ ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಚ್ಚಿದ್ದು, ದೈಹಿಕ ಶ್ರಮದ ಸಾಮರ್ಥ್ಯ ಕಡಿಮೆಯಿದ್ದವರಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ವರ್ಷಗಳ ನಂತರ ಅವರ ಪೈಕಿ ಆಪರೇಷನ್ ಮಾಡಿಸಿಕೊಂಡವರಲ್ಲಿ 30% ಮಂದಿಯ ಶ್ರಮಶಕ್ತಿ ಗಮನಾರ್ಹವಾಗಿ ಸುಧಾರಿಸಿತ್ತು. ಇನ್ನೊಂದೆಡೆ, ಉಸಿರಿನ ಬಲ ತೀರಾ ಕುಸಿದು, ಜೊತೆಗೆ ರೋಗ ಎಲ್ಲೆಡೆ ಸಮನಾಗಿ ಹರಡಿದ್ದವರಲ್ಲಿ ಅಥವಾ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯವೂ ಕುಸಿದಿದ್ದವರಲ್ಲಿ, ಆಪರೇಷನ್ ಆದ 30 ದಿನಗಳೊಳಗೆ 16% ಮಂದಿ ಸತ್ತರು. ಫಲಿತಾಂಶ ಬಂದ ಮೇಲೆ ಗುಂಪುಗಳಾಗಿ ಸೀಳಿ ನೋಡಿದರೆ ಬೇಕಾದ ಉತ್ತರ ಸಿಕ್ಕೀತು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಇಲ್ಲಿನ ವ್ಯತ್ಯಾಸ ಚಿಕಿತ್ಸೆಯ ತರ್ಕಕ್ಕೇ ಹೊಂದುತ್ತದೆ: ಒಂದೆಡೆ ಸೇರಿದ ಹಾಳುಭಾಗವನ್ನು ತೆಗೆಯಬಹುದು, ಎಲ್ಲೆಡೆ ಹರಡಿದ್ದರೆ ತೆಗೆಯುವ ಪ್ರತಿ ತುಂಡಿನೊಡನೆ ಕೆಲಸ ಮಾಡುವ ಭಾಗವೂ ಹೋಗುತ್ತದೆ. ಸುಧಾರಣೆಯೆಲ್ಲ ಪರೀಕ್ಷೆಯಲ್ಲಿ ಕೊಟ್ಟ ವ್ಯಾಯಾಮ ತರಬೇತಿಯ ಫಲವೆನ್ನಲೂ ಆಗದು. ಆಪರೇಷನ್ ಆದವರಿಗೂ ಆಗದವರಿಗೂ ಆ ತರಬೇತಿ ಸಿಕ್ಕಿತ್ತು.

ಕಾಯಿಲೆ ನಿಲ್ಲುವುದಿಲ್ಲವಾದ್ದರಿಂದ ಗಳಿಸಿದ ಉಸಿರು ವರ್ಷಗಳು ಕಳೆದಂತೆ ಮತ್ತೆ ಕುಗ್ಗುತ್ತದೆ ಎಂಬುದೂ ನಿಜ. ಎದೆ ತೆರೆಯದೆ ಶ್ವಾಸನಾಳದೊಳಗೆ ಕವಾಟ ಕೂರಿಸಿ ಹಾಳಾದ ಭಾಗವನ್ನು ಕುಗ್ಗಿಸುವ ವಿಧಾನಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲೂ ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯವಿದೆ, ರೋಗಿಯ ಆಯ್ಕೆಯೇ ನಿರ್ಣಾಯಕ. ಆದ್ದರಿಂದ ಆಪರೇಷನ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಸಿ.ಟಿ. ಸ್ಕ್ಯಾನಿನಲ್ಲಿ ರೋಗ ಎಲ್ಲಿದೆ ಎಂದು ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು ಬಿಡುವುದಕ್ಕೆ ಮಾತ್ರ ಯಾವ ಸ್ಕ್ಯಾನಿಗೂ ಕಾಯಬೇಕಿಲ್ಲ.