ಲಾಂಗ್ ರೈಡ್‌ಗೆ ಬಾಳಿಕೆ ಬರೋ ಟೈರ್

ಬೈಕ್ ನಿಲ್ಲಿಸಿ, ಹಿಂದಿನ ಟೈರ್ ಮೇಲೆ ಒಮ್ಮೆ ಅಂಗೈ ಸವರಿ ನೋಡಿ. ನಡುಭಾಗ ಚಪ್ಪಟೆಯಾಗಿದೆಯಾ? ಅದು ಹೈವೇ ಸವೆತ. ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದ್ರೆ ಭಾರವೆಲ್ಲ ಬೀಳೋದು ಅಲ್ಲೇ.

ಇದಕ್ಕೆ ಪರಿಹಾರ ಡ್ಯುಯಲ್ ಕಾಂಪೌಂಡ್ ಟೈರ್. ನಡುವೆ ಗಟ್ಟಿ ರಬ್ಬರ್, ಹೆಚ್ಚು ಕಿಲೋಮೀಟರ್ ಬರುತ್ತೆ. ಅಂಚಲ್ಲಿ ಮೆದು ರಬ್ಬರ್, ಚಾರ್ಮಾಡಿ ಘಾಟಿಯ ತಿರುವಲ್ಲಿ ಬೈಕ್ ವಾಲಿದಾಗ ರಸ್ತೆ ಬಿಡಲ್ಲ. ಬರೀ ಬಾಳಿಕೆ ನೋಡಿ ಪೂರ್ತಿ ಗಟ್ಟಿ ರಬ್ಬರ್ ತಗೊಂಡ್ರೆ, ಮಲೆನಾಡಿನ ಮಳೆಯಲ್ಲಿ ಜಾರೋ ಅಪಾಯ ಹೆಚ್ಚು.

ಕೊಳ್ಳುವಾಗ ಟೈರ್ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ. 2325 ಅಂದ್ರೆ 2025ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯಲ್ಲೇ ಇದ್ದ ಟೈರ್ ಬೇಡ. ಲೋಡ್ ಇಂಡೆಕ್ಸ್ ಕೂಡ ನೋಡಿ: 65 ಅಂದ್ರೆ ಆ ಟೈರ್ 290 ಕೆಜಿ ಹೊರುತ್ತೆ. ಹಿಂದೆ ಕೂರೋರು, ಲಗೇಜ್ ಎರಡೂ ಇದ್ರೆ ಇದು ಮುಖ್ಯ.

ಎಂಥ ಟೈರ್ ಆದ್ರೂ ಗಾಳಿ ಕಡಿಮೆ ಇದ್ರೆ ಬಿಸಿಯಾಗಿ ಬೇಗ ಸವೆಯುತ್ತೆ. ಊರು ಬಿಡೋ ಮೊದಲು, ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಿ. ಕಚ್ಚುಗಳ ನಡುವಿನ ಉಬ್ಬು ಗುರುತಿನ ಮಟ್ಟಕ್ಕೆ ಸವೆದಿದ್ರೆ ಬದಲಿಸಿಬಿಡಿ.

ನಿಮ್ಮನ್ನೂ ಹಿಂದೆ ಕೂತವರನ್ನೂ ನೆಲಕ್ಕೆ ಹಿಡಿದಿರೋದು ಅಂಗೈಯಗಲದ ಎರಡು ರಬ್ಬರ್ ತುಂಡು. ಅದನ್ನ ನೋಡಿ ಆರಿಸಿ, ಜೋಪಾನವಾಗಿ ಹೋಗಿಬನ್ನಿ.