ನಾಪಾ ಕಣಿವೆಯಲ್ಲಿ ಅತಿಥಿಧರ್ಮ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ನೆಲಸಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ತಂದೆತಾಯಿಗಳೋ ಬಂಧುಗಳೋ ಬಂದಿಳಿದಾಗ, ಅವರಿಗೆ ತೋರಿಸತಕ್ಕ ಸ್ಥಳಗಳ ಸಾಲಿನಲ್ಲಿ ಗೋಲ್ಡನ್ ಗೇಟ್ ಸೇತುವೆಯ ತರುವಾಯ ನಾಪಾ ಕಣಿವೆಯ ಹೆಸರು ಬರುವುದುಂಟು. ಸುಮಾರು 30 ಮೈಲಿ ಉದ್ದಕ್ಕೆ ಚಾಚಿರುವ ಆ ಕಣಿವೆಯ ಒಂದು ಮಗ್ಗುಲಲ್ಲಿ 29ನೆಯ ಹೆದ್ದಾರಿಯೂ ಇನ್ನೊಂದು ಮಗ್ಗುಲಲ್ಲಿ ಸಿಲ್ವರಾಡೊ ಟ್ರೇಲ್ ಎಂಬ ಹಾದಿಯೂ ಹರಿದಿವೆ. ನಡುವೆ ದ್ರಾಕ್ಷಿಯ ತೋಟಗಳು, ತೋಟಗಳ ನಡುವೆ ವೈನರಿಗಳು, ಅವುಗಳಲ್ಲಿ ಬಂದವರಿಗೆ ವೈನಿನ ರುಚಿ ತೋರಿಸುವ ಟೇಸ್ಟಿಂಗ್ ರೂಮುಗಳು. ಈ ಕೊಠಡಿಯನ್ನು ಪಾನಗೃಹವೆಂದು ಭಾವಿಸಿ ಒಳಹೊಕ್ಕವನಿಗೆ ಅಲ್ಲಿನ ನಡೆನುಡಿಯೊಂದೂ ಅರ್ಥವಾಗದು. ಅದು ಬೆಳೆಗಾರನ ಮನೆಯ ಹಜಾರವಿದ್ದಂತೆ. ಅಲ್ಲಿಗೆ ಹೋದವನು ಗಿರಾಕಿಯಾಗುವುದಕ್ಕೆ ಮೊದಲು ಅತಿಥಿ.

ಅತಿಥಿಯೆಂದರೆ ತಿಥಿಯರಿಯದೆ ಬರುವವನೆಂಬ ನಮ್ಮ ಹಳೆಯ ಭಾವನೆಯನ್ನು ಮಾತ್ರ ಇಲ್ಲಿ ಬಿಡಬೇಕು. ಕೃಷಿಭೂಮಿಯು ನಗರದ ಪಾಲಾಗದಿರಲೆಂದು ನಾಪಾ ಕೌಂಟಿಯು 1968ರಲ್ಲಿ ಕಣಿವೆಯ ನೆಲವನ್ನು ವ್ಯವಸಾಯಕ್ಕಾಗಿ ಕಾಯ್ದಿರಿಸಿತು. 1990ರ ನಿಯಮವು ಅಲ್ಲಿಂದಾಚೆಗೆ ಸ್ಥಾಪಿತವಾಗುವ ವೈನರಿಗಳು ಮುಂದಾಗಿ ಸಮಯ ಗೊತ್ತುಮಾಡಿಕೊಂಡು ಬಂದವರಿಗೆ ಮಾತ್ರ ರುಚಿ ತೋರಿಸತಕ್ಕದ್ದೆಂದು ವಿಧಿಸಿತು. ಆದುದರಿಂದ ವೇಳೆ ಕಾಯ್ದಿರಿಸದೆ ಬಾಗಿಲಿಗೆ ಹೋಗಿ ನಿಲ್ಲುವುದು, ನಾಲ್ವರೆಂದು ತಿಳಿಸಿ ಎಂಟು ಮಂದಿ ಇಳಿಯುವುದು, ಬರಲಾಗದೆಂಬುದನ್ನು ತಿಳಿಸದೆ ಸುಮ್ಮನಿದ್ದುಬಿಡುವುದು, ಇವೆಲ್ಲ ಆ ಮಣ್ಣನ್ನು ಮಣ್ಣಾಗಿಯೇ ಉಳಿಸಿಕೊಂಡ ಒಂದು ಊರಿನ ಸಂಕಲ್ಪಕ್ಕೆ ತೋರುವ ಅನಾದರವೆಂದೇ ನಾನು ಎಣಿಸುತ್ತೇನೆ. ಶನಿವಾರ ಭಾನುವಾರಗಳನ್ನೂ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ಕೊಯ್ಲಿನ ನೂಕುನುಗ್ಗಲನ್ನೂ ಬಿಟ್ಟು, ಬಳ್ಳಿಗಳು ಬೋಳಾಗಿ ಅವುಗಳ ನಡುವೆ ಕಾಡುಸಾಸಿವೆ ಹಳದಿಯಾಗಿ ಅರಳುವ ಫೆಬ್ರವರಿಯ ಒಂದು ವಾರದ ದಿನ ಹೋದವರಿಗೆ, ಬಡಿಸುವವರ ಬಾಯಿಂದ ನಾಲ್ಕು ಮಾತು ಹೆಚ್ಚಾಗಿಯೇ ದೊರೆಯುತ್ತವೆ.

ನಮ್ಮವರಿಗೆ ಅತ್ಯಂತ ಸಂಕೋಚವನ್ನುಂಟುಮಾಡುವ ವಿಷಯವೆಂದರೆ ಉಗುಳುವ ಪದ್ಧತಿ. ನಾಲ್ವರ ಎದುರಿಗೆ ಉಗುಳುವುದು ಅಸಭ್ಯವೆಂದೂ, ಕೊಟ್ಟದ್ದನ್ನು ಚೆಲ್ಲುವುದು ಕೊಟ್ಟವರಿಗೆ ಮಾಡುವ ಅವಮಾನವೆಂದೂ ಬಾಲ್ಯದಿಂದ ಕಲಿತು ಬಂದವರು, ಮೇಜಿನ ಮೇಲಿರುವ ಪಾತ್ರೆಯು ಅದಕ್ಕಾಗಿಯೇ ಇದೆಯೆಂದು ಹೇಳಿದರೂ ನಂಬಲಾರರು. ಆದರೆ ಲೆಕ್ಕವನ್ನು ನೋಡಿ. ಒಂದೊಂದು ಸಲಕ್ಕೆ ಬಟ್ಟಲಿಗೆ ಬೀಳುವುದು ಸಾಮಾನ್ಯವಾಗಿ 30ರಿಂದ 60 ಮಿಲಿಲೀಟರು; 50ರಂತೆ ಐದು ಬಗೆಯ ವೈನನ್ನು ಪೂರ್ತಿ ಕುಡಿದರೆ 250 ಮಿಲಿಲೀಟರು, ಅಂದರೆ ಸೀಸೆಯ ಮೂರನೆಯ ಒಂದು ಪಾಲು. ಹೀಗೆ ಮೂರು ವೈನರಿಗಳನ್ನು ನೋಡಿದವನು ಸಂಜೆಯ ಹೊತ್ತಿಗೆ ಒಂದು ಸೀಸೆಯನ್ನು ಮುಗಿಸಿರುತ್ತಾನೆ. ಅಲ್ಲಿಯ ಕ್ಯಾಬರ್ನೆ ಸೊವಿನ್ಯೋನ್ ವೈನಿನಲ್ಲಾದರೋ ಮದ್ಯಸಾರವು ಶೇಕಡಾ 14ನ್ನು ಮೀರುವುದು ಸಾಮಾನ್ಯ. ಎರಡನೆಯ ವೈನರಿಯ ಬಳಿಕ ನಾಲಗೆಗೆ ವಿವೇಚನೆಯಿರದು. ಮೂರನೆಯದರಲ್ಲಿ ಮಾಲಿಕನು ವರ್ಷಗಟ್ಟಲೆ ಪಟ್ಟ ಶ್ರಮವು ಅರಿವಿಲ್ಲದ ಗಂಟಲಿನಲ್ಲಿ ಇಳಿದುಹೋಗುತ್ತದೆ. ಗುಟುಕನ್ನು ಬಾಯಲ್ಲಿ ಆಡಿಸಿ, ಪಾತ್ರೆಯನ್ನು ಹತ್ತಿರಕ್ಕೆ ತೆಗೆದುಕೊಂಡು, ಬಾಗಿ, ಸದ್ದಿಲ್ಲದೆ ಉಗುಳುವುದೇ ಅಲ್ಲಿ ಮರ್ಯಾದೆ. ಬಟ್ಟಲಿನಲ್ಲಿ ಉಳಿದುದನ್ನು ಅದೇ ಪಾತ್ರೆಗೆ ಸುರಿದರೂ ಯಾರೂ ನೊಂದುಕೊಳ್ಳರು. ಕಾರು ನಡೆಸುವವನು ಮಾತ್ರ ಉಗುಳಿದೆನೆಂಬ ಧೈರ್ಯದಿಂದಲೂ ರುಚಿ ನೋಡದಿರುವುದು ಮೇಲು. ರಕ್ತದಲ್ಲಿ ಮದ್ಯಸಾರವು ಶೇಕಡಾ 0.08 ಮುಟ್ಟಿದರೆ ಕ್ಯಾಲಿಫೋರ್ನಿಯದಲ್ಲಿ ವಾಹನ ನಡೆಸುವುದು ಅಪರಾಧ. ಬಾಡಿಗೆಯ ಕಾರಿಗೆ ತೆತ್ತ ಹಣವು ವ್ಯರ್ಥವಲ್ಲ.

ಕುಡಿಯದ ಹಿರಿಯರು ಜೊತೆಯಲ್ಲಿದ್ದರೆ ವೇಳೆ ಗೊತ್ತುಮಾಡುವಾಗಲೇ ತಿಳಿಸಬೇಕು. ಒಲ್ಲೆನೆಂದವರನ್ನು ಬಲವಂತಪಡಿಸುವುದು ಆ ಕೊಠಡಿಯ ಸಂಪ್ರದಾಯವಲ್ಲ. ಕೂಡ ಬಂದ ಮಕ್ಕಳೂ ಬಲವಂತಪಡಿಸಕೂಡದು. ಎಂಜಲಿನ ಅಳುಕಿಲ್ಲದ ದಂಪತಿಗಳು ಒಬ್ಬರ ಪಾಲನ್ನು ಇಬ್ಬರು ಹಂಚಿಕೊಳ್ಳಬಹುದೇ ಎಂದು ಮೊದಲೇ ಕೇಳಿಕೊಳ್ಳಬಹುದು. ಇಪ್ಪತ್ತೊಂದು ತುಂಬದವರಿಗೆ ಬಡಿಸುವಂತಿಲ್ಲ. ಮಕ್ಕಳನ್ನು ಒಳಗೇ ಬಿಡದ ವೈನರಿಗಳೂ ಉಂಟು. ಮಲ್ಲಿಗೆಯ ದಂಡೆ, ಅತ್ತರು, ಸೆಂಟು, ಇವು ಆ ಒಂದು ದಿನ ಮನೆಯಲ್ಲಿರಲಿ, ಏಕೆಂದರೆ ವೈನಿನ ರುಚಿಯಲ್ಲಿ ಮೂಗಿನ ಪಾಲೇ ಹೆಚ್ಚು, ಮತ್ತು ಆ ಮೂಗು ಪಕ್ಕದ ಮೇಜಿನವರದೂ ಹೌದು.

ತಮಗೆ ಏನೂ ತಿಳಿಯದೆಂಬ ಅಂಜಿಕೆಯಿಂದ ಮೌನವಾಗಿರುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕೆನಿಸುತ್ತದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವೈನ್ ವರ್ತಕನು ಏರ್ಪಡಿಸಿದ ಪರೀಕ್ಷೆಯಲ್ಲಿ, ಸೀಸೆಗಳ ಹೆಸರನ್ನು ಮರೆಮಾಡಿ ಬಡಿಸಿದಾಗ, ಫ್ರೆಂಚ್ ತಜ್ಞರೇ ತಮ್ಮ ದೇಶದ ಮೂಟೋನ್ ರಾಥ್‌ಶೀಲ್ಡ್‌ಗಿಂತ ನಾಪಾದ ಸ್ಟ್ಯಾಗ್ಸ್ ಲೀಪ್‌ನ 1973ರ ಕೆಂಪು ವೈನನ್ನು ಮೇಲಕ್ಕಿಟ್ಟರು. ಬಿಳಿಯ ವೈನಿನಲ್ಲಿಯೂ ನಾಪಾದ ಶಾಟೊ ಮಾಂಟೆಲೀನಾವೇ ಗೆದ್ದಿತು. ಹೆಸರನ್ನು ಬದಿಗಿಟ್ಟು ನಾಲಗೆಯನ್ನು ನಂಬಿದ ಆ ಪ್ರಾಮಾಣಿಕತೆಯೇ ನಾಪಾಕ್ಕೆ ಕೀರ್ತಿಯನ್ನು ತಂದಿತು. ಆದುದರಿಂದ ನೇರಳೆಯ ಒಗರು ಕಂಡರೆ ನೇರಳೆಯೆನ್ನಿ, ಏಲಕ್ಕಿಯ ವಾಸನೆ ಬಂದರೆ ಏಲಕ್ಕಿಯೆನ್ನಿ. ಹಿಡಿಸದಿದ್ದರೆ, ಚೆನ್ನಾಗಿಲ್ಲವೆನ್ನದೆ, ತನಗೆ ಒಗ್ಗಲಿಲ್ಲವೆಂದರೆ ಸಾಕು.

ರುಚಿ ನೋಡಿದ್ದಕ್ಕೆ ಶುಲ್ಕವುಂಟು. ಸೀಸೆಗಳನ್ನು ಕೊಂಡರೆ ಅದನ್ನು ಬಿಟ್ಟುಕೊಡುವವರೂ ಉಂಟು, ಬಿಡದವರೂ ಉಂಟು. ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ, ವೈನರಿಯ ಕ್ಲಬ್ಬಿಗೆ ಸದಸ್ಯರಾಗಿರೆಂಬ ಆಹ್ವಾನವನ್ನು ನಗುಮೊಗದಿಂದ ನಿರಾಕರಿಸಬಹುದು. ಕೊಂಡ ಸೀಸೆಯನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ವೈನು ಕೆಡುತ್ತದೆ, ತಂಪುಪೆಟ್ಟಿಗೆಯೊಂದು ಜೊತೆಗಿರಲಿ. ಬೆಂಗಳೂರಿಗೆ ಒಯ್ಯುವವರು ಬಟ್ಟೆಗಳ ನಡುವೆ ಭದ್ರಪಡಿಸಿ, ವಿಮಾನದ ಒಡಲಿಗೆ ಹೋಗುವ ಪೆಟ್ಟಿಗೆಯಲ್ಲಿಡಬೇಕು. ಭಾರತದೊಳಕ್ಕೆ ಸುಂಕವಿಲ್ಲದೆ ತರಬಹುದಾದುದು ಒಬ್ಬರಿಗೆ 2 ಲೀಟರು, ಎಂದರೆ 750 ಮಿಲಿಲೀಟರಿನ ಎರಡು ಸೀಸೆ.