ಹೊಸ್ತಿಲು ದಾಟದ ಕೂಸು

ಕೂಸಿನ ಬೆಳವಣಿಗೆಯನ್ನು ನಮ್ಮ ಅಜ್ಜಿಯರು ಮಾತಿನಿಂದಲೇ ಅಳೆಯುತ್ತಿದ್ದರು. ಬೋರಲು ಬಿದ್ದಿತು, ಅಂಬೆಗಾಲಿಟ್ಟಿತು, ಹೊಸ್ತಿಲು ದಾಟಿತು, ತಪ್ಪುಹೆಜ್ಜೆ ಹಾಕಿತು, ತೊದಲು ನುಡಿಯಿತು—ಒಂದೊಂದು ಮಾತೂ ಒಂದೊಂದು ಮೆಟ್ಟಿಲು. ಹೊಸ್ತಿಲು ದಾಟಿದ ದಿನ ಸಿಹಿ ಹಂಚುವ ಮನೆಗಳು ಈಗಲೂ ಇವೆ. ಆದರೆ ದಾಟಬೇಕಾದ ಕಾಲಕ್ಕೆ ದಾಟದೆ ಉಳಿದ ಕೂಸನ್ನು ಕುರಿತು ಹೇಳಬೇಕಾಗಿ ಬಂದಾಗ ಇಷ್ಟು ಸಿರಿವಂತವಾದ ನುಡಿಗೆ ತಟಕ್ಕನೆ ಬಡತನ ಬರುತ್ತದೆ. ಉಳಿಯುವುವು ಎರಡೇ ಬಗೆಯ ಮಾತುಗಳು: ಒಂದು ಸಮಾಧಾನದ್ದು, ಇನ್ನೊಂದು ಹೀಯಾಳಿಕೆಯದು.

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ—ಘಟಪ್ರಭೆಯ ನೀರುಂಡ ಈ ಕಬ್ಬಿನ ಸೀಮೆಯಲ್ಲಿ ಆ ಸಮಾಧಾನದ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. “ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ, ನೀ ಸುಮ್ಮನಿರವ್ವಾ” ಎನ್ನುತ್ತಾಳೆ ಅತ್ತೆ. ಸೊಸೆ ಸುಮ್ಮನಾಗುತ್ತಾಳೆ. ಹೇಳಿದವಳ ಮನಸ್ಸು ಒಳ್ಳೆಯದೇ. ಆದರೆ ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ವರುಷಗಳು ಆ ಮೌನದಲ್ಲಿ ಕಳೆದುಹೋಗುತ್ತವೆ.

ಸರಕಾರ ಕೈಕಟ್ಟಿ ಕುಳಿತಿದೆಯೆಂದರೆ ಅನ್ಯಾಯವಾದೀತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ವೈದ್ಯರ ತಂಡವು ವರುಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು; ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಆಟಿಸಂ, ಸೆರೆಬ್ರಲ್ ಪಾಲ್ಸಿಗಳೂ ಅದರಲ್ಲಿ ಸೇರಿವೆ. 2023ರ ನವೆಂಬರಿನಲ್ಲಿ ಇಂಥ ಮಕ್ಕಳಿಗಾಗಿಯೇ ಅಂಗನವಾಡಿಗಳು ಅನುಸರಿಸಬೇಕಾದ ಕ್ರಮವನ್ನು ಕೇಂದ್ರ ಸರಕಾರವು ಗೊತ್ತುಪಡಿಸಿತು. ಕಾಗದದ ಮೇಲೆ ದಾರಿ ನೇರವಾಗಿದೆ.

ನೆಲದ ಮೇಲೆ? ಗೋಕಾಕದಿಂದ ಬೆಳಗಾವಿಗೆ ಸುಮಾರು 60 ಕಿಲೋಮೀಟರು. ಮೂಡಲಗಿಯಿಂದ ಇನ್ನೂ ದೂರ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಸರಕಾರಿ ಬಸ್ಸಿನ ಖರ್ಚಿಲ್ಲ, ನಿಜ. ತಪ್ಪಿಹೋದ ದಿನಗೂಲಿಯನ್ನು ಕೊಡುವವರು ಯಾರು? ಕತ್ತು ನಿಲ್ಲದ ನಾಲ್ಕು ವರುಷದ ಮಗನನ್ನು ಬಗಲಲ್ಲಿ ಹೊತ್ತು, ಬಸ್ಸು ಬದಲಿಸಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಅರ್ಧ ಗಂಟೆಯ ವ್ಯಾಯಾಮಕ್ಕಾಗಿ ಒಂದು ಇಡೀ ದಿನವನ್ನು ತೆತ್ತ ಹೆಂಗಸು ಮುಂದಿನ ವಾರವೂ ಬರಬೇಕೆಂದು ನಾವು ಅಪೇಕ್ಷಿಸುತ್ತೇವೆ. ಬಾರದಿದ್ದರೆ ಅವಳಿಗೆ ಕಾಳಜಿಯಿಲ್ಲವೆಂದು ಬರೆದುಕೊಳ್ಳುತ್ತೇವೆ.

ಭಾರ ಅವಳೊಬ್ಬಳದೇ ಅಲ್ಲ. ಬಿ.ಎ. ಓದುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ವಾರಕ್ಕೆರಡು ದಿನ ತರಗತಿಗೆ ಬರುತ್ತಿರಲಿಲ್ಲ. ವಿಚಾರಿಸಿದರೆ, ಅವ್ವ ಕಬ್ಬಿನ ಕೆಲಸಕ್ಕೆ ಹೋದ ದಿನ ಮಾತು ಬಾರದ ತಮ್ಮನ ಬಳಿ ಇವಳೇ ಇರಬೇಕು. ಹಾಜರಿ ಪುಸ್ತಕದಲ್ಲಿ ಇದಕ್ಕೆ ಬೇರೆ ಗುರುತಿಲ್ಲ.

ನೆರವು ಮನೆಯ ಬಾಗಿಲಿಗೇ ಬರಬೇಕೆಂಬುದು ನನ್ನ ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಪಾಲಕರ ತರಬೇತಿಯ ಪಾಠಕ್ರಮದಲ್ಲಿ ಒಂಬತ್ತು ಗುಂಪು ಪಾಠಗಳೂ ಮೂರು ಮನೆಭೇಟಿಗಳೂ ಇವೆ. ದೊಡ್ಡ ತಜ್ಞರೇ ಬೇಕೆಂದಿಲ್ಲ. ತರಬೇತಿ ಹೊಂದಿದ ಊರಿನವರೇ ಅದನ್ನು ನಡೆಸಬಹುದು. ಅದರ ತಿರುಳು ಆಟದಲ್ಲಿ, ಮನೆಗೆಲಸದಲ್ಲಿ ಮಗುವನ್ನು ತೊಡಗಿಸಿಕೊಳ್ಳುವುದು. ಇದು ನಮ್ಮ ಅಡುಗೆಮನೆಗೆ ಹೊರಗಿನ ವಿದ್ಯೆಯೇನಲ್ಲ. ರೊಟ್ಟಿಗೆ ಜೋಳದ ಹಿಟ್ಟು ನಾದುವಾಗ ಒಂದು ಉಂಡೆಯನ್ನು ಮಗುವಿನ ಕೈಗಿತ್ತರೆ ಬೆರಳುಗಳಿಗೆ ಅದೇ ವ್ಯಾಯಾಮ. ಬಣ್ಣದ ಮರದ ಹಣ್ಣುಗಳಿಗೆ ಗೋಕಾಕ ಹೆಸರಾದ ಊರು. ಒಂದು ಬಾಳೆಯನ್ನೋ ಮಾವನ್ನೋ ಮಗುವಿನ ಕಣ್ಣೆದುರು ಹಿಡಿದು, ಹೆಸರು ಹೇಳಿ, ಅದು ಕೈ ಚಾಚುವವರೆಗೆ ಕಾಯಬೇಕು. ಕಾಯುವುದೇ ಕಷ್ಟದ ಭಾಗ. ಎಷ್ಟು ಹೊತ್ತು ಕಾಯಬೇಕು, ಯಾವಾಗ ಕೈಹಿಡಿದು ನೆರವಾಗಬೇಕು ಎಂಬುದನ್ನು ಯಾರಾದರೂ ಪಕ್ಕದಲ್ಲಿ ಕುಳಿತು ತೋರಿಸಿಕೊಡಬೇಕು.

ಸವದತ್ತಿಯ ಎಲ್ಲಮ್ಮನಿಗೆ ಹರಕೆ ಹೊತ್ತ ತಾಯಂದಿರನ್ನು ಓದಿದವರು ನಗುವುದುಂಟು. ನನಗೆ ಆ ನಗೆ ಸೇರದು. ಹರಕೆ ಹೊತ್ತವಳು ಮಗುವಿನ ಆಸೆಯನ್ನು ಬಿಟ್ಟಿಲ್ಲ. ಗುಡ್ಡದಿಂದ ಇಳಿದು ಬಂದವಳನ್ನು ಅಂಗನವಾಡಿಗೆ ಕರೆದೊಯ್ಯುವವರು ಬೇಕು, ಅಷ್ಟೆ. “ಯಾರ ಪಾಪವೋ” ಎಂದು ಅವಳಿಗೇ ಕೇಳಿಸುವಂತೆ ಆಡುವವರನ್ನು ಮಾತ್ರ ಕ್ಷಮಿಸಲಾರೆ.

ಓಣಿಯ ಪ್ರತಿಯೊಂದು ಮಗುವಿನ ಹೆಸರನ್ನೂ ಬಲ್ಲವಳು ಅಂಗನವಾಡಿಯ ಕಾರ್ಯಕರ್ತೆ. ತೂಕ ನೋಡುವುದು, ಆಹಾರ ಹಂಚುವುದು, ಮೊಬೈಲಿನಲ್ಲಿ ಲೆಕ್ಕ ತುಂಬುವುದು, ಇದರ ಮೇಲೆ ಊರಿನ ಸಮೀಕ್ಷೆಗಳು—ಇಷ್ಟರ ನಡುವೆ ಈ ಕೆಲಸವನ್ನೂ ಅವಳ ತಲೆಗೇ ಕಟ್ಟುವ ಮುನ್ನ, ತಿಂಗಳಿಗೊಮ್ಮೆಯಾದರೂ ಅವಳೊಡನೆ ಮನೆಮನೆಗೆ ನಡೆದುಬರುವ ಒಬ್ಬ ತರಬೇತಾದ ವ್ಯಕ್ತಿಯನ್ನು ಈ ಮೂರು ತಾಲೂಕುಗಳಿಗೂ ಕೊಡಬೇಕು.